ಉಸ್ತ್ರಾ ತಗೋಳಾಗ ಹಿಡಿಕಿ ನೋಡಬ್ಯಾಡ್ರಿ, ಬೆನ್ನು ನೋಡ್ರಿ

ಕಟಿಂಗ್ ಅಂಗಡ್ಯಾಗ ಈಗ ಬ್ಲೇಡ್ ಅರ್ಧಕ್ಕ ಮುರದು ಸಿಗಿಸಿ ಗಡ್ಡ ತೆಗೀತಾರಲ್ಲ, ಅದು ಖರೇ ಉಸ್ತ್ರಾ ಅಲ್ರಿ, ಉಸ್ತ್ರಾದಂಗ ಕಾಣೋ ಬ್ಲೇಡ್ ಹೋಲ್ಡರ್ ಅಷ್ಟೇ. ಒಬ್ಬರ ರಕ್ತ ಇನ್ನೊಬ್ಬರಿಗಿ ಹತ್ತಬಾರದು ಅಂದ್ರ ಅಂಗಡಿಗಿ ಅದೇ ಛಲೋ. ನಾ ಹೇಳ್ತಿರೋದು ನಮ್ಮ ಮುತ್ಯಾನ ಕಾಲದಾಗ ಹಡಪದ ಕಾಕಾ ಬೇವಿನ ಗಿಡದ ಬುಡಕ ಪೆಟ್ಟಿಗಿ ಬಿಚ್ಚಿ, ಚರ್ಮದ ಪಟ್ಟಿ ಮ್ಯಾಲ ಪಟಾ ಪಟಾ ಆಡಿಸಿ ಗಡ್ಡ ಮಾಡ್ತಿದ್ನಲ್ಲ, ಆ ಉಸ್ತ್ರಾ. ಮನ್ಯಾಗ ಒಬ್ಬರೇ ಬಳಸಲಿಕ್ಕ ಒಂದು ತಗೋಬೇಕು ಅನ್ನೋರಿಗಿ ಇದು.

ನಂದು ಮೊದಲನೇದು ಒಂದು ಜಾತ್ರ್ಯಾಗ ತಗೊಂಡಿದ್ದೆ. ಕರಿ ಹಿಡಿಕಿ ಮ್ಯಾಲ ಬೆಳ್ಳಿ ಬಣ್ಣದ ಹೂವು, ದೂರಿಂದ ಬಿದರಿ ಕೆಲಸ ಇದ್ದಂಗ ಕಾಣ್ತಿತ್ತು, ಮರುಳಾಗಿ ರೊಕ್ಕ ಕೊಟ್ಟೆ. ಎರಡು ವಾರ ಸಾಣಿ ಹಿಡದ್ರೂ ನಡು ಭಾಗ ಹರಿತ, ತುದಿ ಮೊಂಡ, ಕಡೀಗಿ ಗದ್ದ ಕೊಯ್ಕೊಂಡು ಫಟಕರಿ ಹಚ್ಚಿ ಕುಂತೆ. ಆಮ್ಯಾಲ ಕಿಡಕಿ ಗ್ಲಾಸ್ ಮ್ಯಾಲ ಇಟ್ಟು ನೋಡ್ತಿನಿ, ಬೆನ್ನೇ, ಅಂದ್ರ ಧಾರಿ ಎದುರಿನ ದಪ್ಪ ಅಂಚೇ, ಸೊಟ್ಟ!

ಇದರಾಗ ತಿಳ್ಕೋಬೇಕಾದ ಮುಖ್ಯ ಮಾತು ಇದೇ. ಸಾಣಿ ಹಿಡಿಯೋವಾಗ ಉಸ್ತ್ರಾದ ದಪ್ಪ ಬೆನ್ನು ಮತ್ತ ಧಾರಿ ಎರಡೂ ಕೂಡೇ ಕಲ್ಲಿಗಿ ಹತ್ತಿರಬೇಕು, ಎಷ್ಟು ಕೋನದಾಗ ಧಾರಿ ಬರಬೇಕು ಅನ್ನೋದು ಬೆನ್ನಿನ ದಪ್ಪಾನೇ ನಿರ್ಧಾರ ಮಾಡ್ತದ, ನಮ್ಮ ಕೈಯಲ್ಲ. ಅದಕ್ಕ ಬೆನ್ನು ಸೊಟ್ಟ ಇದ್ರ ಎಂಥಾ ಉಸ್ತಾದ್ ಬಂದ್ರೂ ಧಾರಿ ಒಂದೇ ಸಮ ಬರಂಗಿಲ್ಲ. ತಗೋಳೋ ಮೊದಲ ಸಪಾಟ ಗ್ಲಾಸ್ ಮ್ಯಾಲ ಎರಡೂ ಮಗ್ಗಲ ಇಟ್ಟು ನೋಡ್ರಿ, ಅಲುಗಾಡಿದ್ರ ಬಿಟ್ಟುಬಿಡ್ರಿ. ಬೆನ್ನಿನ ಮ್ಯಾಲ ಅಗಲ ಪಟ್ಟಿ ಸವದಿದ್ರ ಅದು ಭಾಳ ಸಾಣಿ ಕಂಡದ ಅಂತ ಅರ್ಥ. ಧಾರಿ ನಡುವ ಒಳಗ ಬಾಗಿದ್ರೂ ಬ್ಯಾಡ. ಹೊಟ್ಟಿ, ಅಂದ್ರ ಬೆನ್ನು ಮತ್ತ ಧಾರಿ ನಡುವಿನ ಭಾಗ, ಅದರ ಮ್ಯಾಲಿನ ಕಲೆ ನಡೀತದ, ಆದ್ರ ಧಾರಿ ಹತ್ರ ತುಕ್ಕಿನ ಗುಂಡಿ ಇದ್ರ ಕೈ ಮುಗದು ಬರ್ರಿ. ಮಡಚಿದಾಗ ಧಾರಿ ಹಿಡಿಕಿಯ ನಟ್ಟ ನಡುವ ಕೂಡಬೇಕು, ಒಂದು ಮಗ್ಗಲಿಗಿ ತಾಗಬಾರದು. ಹಳೇ ಸೆಲ್ಯುಲಾಯ್ಡ್ (ಹಳೇ ಕಾಲದ ಪ್ಲಾಸ್ಟಿಕ್) ಹಿಡಿಕಿ ಇದ್ರ ಒಳಗ ಮೂಸಿ ನೋಡ್ರಿ, ಅದು ಕೊಳೆಯಲಿಕ್ಕ ಹತ್ತಿದ್ರ ಹುಳಿ ವಾಸನಿ ಬಂದು ಉಕ್ಕನ್ನೇ ತಿಂತದ.

ಸೈಜ್ ಇಂಚಿನ ಎಂಟು ಭಾಗದಾಗ ಹೇಳ್ತಾರ. ಹೊಸಬರಿಗಿ 5/8, ಅಂದ್ರ ಸುಮಾರು 16 ಮಿಲಿಮೀಟರ್ ಅಗಲ, ಇಲ್ಲಾಂದ್ರ 6/8, ಅಂದ್ರ 19 ಮಿಲಿಮೀಟರ್, ಸಾಕು. ತುದಿ ಗುಂಡಗಿರ್ಲಿ, ಚೂಪಿಂದು ಕಿವಿ ಹತ್ರ ಕೊಯ್ತದ. ಹೊಟ್ಟಿ ಭಾಗ ತೆಳ್ಳಗ ತಿಕ್ಕಿದ್ದು ಚರ್ಮದ ಮ್ಯಾಲ ಮಾತಾಡ್ತದ, ಉಗುರಿಂದ ಮೀಟಿದ್ರ ಸಣ್ಣಗ ಝಣ್ ಅಂತದ. ದಪ್ಪಂದು ಗಟ್ಟಿ ಗಡ್ಡಕ್ಕ ಛಲೋ, ಆದ್ರ ಕೈ ಕುಂದ್ರಬೇಕು. ನಾ ಆದ್ರ ಎರಡರ ನಡುವಿಂದೇ ಹೇಳ್ತಿನಿ. ಕಾರ್ಬನ್ ಉಕ್ಕು ಬೇಗ ಧಾರಿ ಬರ್ತದ ಆದ್ರ ತುಕ್ಕು ಹಿಡೀತದ, ಮಳೀಗಾಲದಾಗ ಬೀದರ್ ಕಡಿ ಇರೋರು ಒರಸಿ ಒಂದು ಹನಿ ಹೊಲಿಗಿ ಮಷೀನ್ ಎಣ್ಣಿ ಹಚ್ಚೇ ಇಡ್ರಿ.

ಹೆಸರು ಕೇಳ್ತೀರೇನು? ಜರ್ಮನಿಯ ಸೋಲಿಂಗೆನ್, ಇಂಗ್ಲೆಂಡಿನ ಶೆಫೀಲ್ಡ್, ಫ್ರಾನ್ಸಿನ ಥಿಯೆರ್ ಈ ಮೂರು ಊರಿಂದು ಹಳೇವು ಸಿಕ್ರ ಛಲೋ. ಹೊಸದಾಗ ಡೋವೋ, ಬೋಕರ್, ಥಿಯೆರ್ ಇಸಾರ್ ಅನ್ನೋ ಕಂಪನಿ ಇವ, ರೊಕ್ಕ ಜಾಸ್ತಿ. ಸೋಲಿಂಗೆನ್ ಅನ್ನೋ ಹೆಸರಿಗಿ 1938ರಾಗೇ ಕಾನೂನು ಮಾಡಿದ್ದಾರ, ಅಲ್ಲಿ ಆಗದೇ ಇರೋದರ ಮ್ಯಾಲ ಆ ಹೆಸರು ಹಾಕಂಗಿಲ್ಲ, ಆದ್ರೂ ಸುಳ್ಳು ಠಸ್ಸೆ ಹೊಡಿಯೋರು ಇದ್ದೇ ಇರ್ತಾರ, ಠಸ್ಸೆ ನಂಬಬ್ಯಾಡ್ರಿ, ಗ್ಲಾಸ್ ನಂಬ್ರಿ.

ಇನ್ನೊಂದು, ಇದ್ದ ರೊಕ್ಕ ಎಲ್ಲಾ ಉಸ್ತ್ರಾಕ್ಕೇ ಹಾಕಬ್ಯಾಡ್ರಿ. ಚರ್ಮದ ಪಟ್ಟಿ ಇಲ್ಲದ ಉಸ್ತ್ರಾ ಅರ್ಧ ಉಸ್ತ್ರಾ, ಪ್ರತಿ ಸಲ ಗಡ್ಡ ಮಾಡೋ ಮೊದಲ 30-40 ಸಲ ಅದರ ಮ್ಯಾಲ ಬೆನ್ನು ಮುಂದ, ಧಾರಿ ಹಿಂದ ಮಾಡಿ ಎಳೀಬೇಕು. ಧಾರಿ ಮೊಂಡ ಆದ್ರ 8000 ಅಥವಾ 12000 ಗ್ರಿಟ್ಟಿನ (ಈ ಅಂಕಿ ಹೆಚ್ಚಾದಂಗ ಕಲ್ಲು ನುಣ್ಣಗ) ನುಣ್ಣನ ಕಲ್ಲು ಬೇಕು. ಮನಿ ಮುಂದಿನ ಶಹಾಬಾದ್ ಫರ್ಸಿ ಮ್ಯಾಲ ತಿಕ್ಕಿದ್ರ ಆಗಲ್ಲೇನು ಅಂತ ನಮ್ಮ ತಮ್ಮ ಕೇಳಿದ್ದ, ಅದು ಸುಣ್ಣದ ಕಲ್ಲು, ಗಟ್ಟಿ ಉಕ್ಕಿಗಿಂತ ಮೆತ್ತಗ, ಉಕ್ಕು ಕೊರೀಲಿಕ್ಕ ಆಗಂಗಿಲ್ಲಪಾ! ಹಾಂ, ಬೋರ್ ನೀರು ಗಡಸು ಇದ್ರ ನೊರಿ ಸರಿ ಬರಂಗಿಲ್ಲ, ಫಿಲ್ಟರ್ ನೀರು ಒಂದು ಲೋಟ ಇಟ್ಕೋರಿ, ಉಸ್ತ್ರಾಕ್ಕ ಬೈಬ್ಯಾಡ್ರಿ.

ಆಳಂದ, ಚಿತ್ತಾಪುರ ಕಡಿ ನಿಮ್ಮ ಊರಾಗ ವಯಸ್ಸಾದ ಹಡಪದ ಕಾಕಾ ಯಾರಾದ್ರೂ ಇದ್ರ ಪೆಟ್ಟಿಗ್ಯಾಗ ಹಳೇದೊಂದು ಬಿದ್ದಿರಬೌದು, ಕೇಳಿ ನೋಡ್ರಿ, ಪಟ್ಟಿ ಮ್ಯಾಲ ಎಳಿಯೋದೂ ಅವರ ಕೈಲೇ ಕಲೀರಿ. ಗ್ಲಾಸ್ ತುಂಡು ಮಾತ್ರ ಮರೀದೇ ತಗೊಂಡ್ ಹೋಗ್ರಿ.