ಕುಲುಮೆ ಮನೆತನದ ಜಾಡು: ಹಾಸನ, ಚಿಕ್ಕಮಗಳೂರು ಸೀಮೆಯ ಕಸುಬುದಾರರ ವಂಶಾವಳಿ ಹುಡುಕುವ ಬಗೆ

ಇಂಗ್ಲೆಂಡಿನ ಹಳೆಯ ಕಾಲದ ಕಮ್ಮಾರನೊಬ್ಬನ ಮೂಲ ಹುಡುಕುವವರಿಗೆ 1538ರಿಂದ ಚರ್ಚುಗಳು ಬರೆದಿಟ್ಟ ಹುಟ್ಟು, ಮದುವೆ, ಸಾವಿನ ವಹಿಗಳು ಆಸರೆಗಿವೆ. ನಮ್ಮ ಬೇಲೂರು, ಅರಕಲಗೂಡು, ತರೀಕೆರೆ ಕಡೆಯ ಕಮ್ಮಾರ, ಬಡಗಿ, ಅಕ್ಕಸಾಲಿಗಳಿಗೆ ಅಂಥ ವಹಿ ಇಲ್ಲ. ಆದರೆ ಊರಿಗೆ ಕಸುಬಿನ ಕೆಲಸ ಮಾಡಿಕೊಡುತ್ತಿದ್ದ ಆಯಗಾರರಿಗೆ ಕಣದಲ್ಲಿ ಅಳೆದುಕೊಡುವ ಆಯದ (ಧಾನ್ಯದ ಪಾಲಿನ) ಜೊತೆಗೆ ಎಷ್ಟೋ ಊರುಗಳಲ್ಲಿ ಮಾನ್ಯದ, ಅಂದರೆ ಕೆಲಸಕ್ಕೆ ಪ್ರತಿಯಾಗಿ ಬಿಟ್ಟುಕೊಟ್ಟ, ಜಮೀನೂ ಇತ್ತು. ಜಮೀನಿದ್ದ ಕಡೆ ಲೆಕ್ಕ ಇರುತ್ತದೆ. ಆದ್ದರಿಂದ ಕಸುಬಿನ ಬೆನ್ನು ಹತ್ತುವ ಮುಂಚೆ ಮಣ್ಣಿನ ಬೆನ್ನು ಹತ್ತಿ.

ಶುರು ಮನೆಯಿಂದಲೇ. ಅಜ್ಜಿಯರನ್ನು ಮೊದಲು ಮಾತಾಡಿಸಿ. ಯಾರ ಮಗಳನ್ನು ಯಾವ ಊರಿಗೆ ಕೊಟ್ಟರು, ಯಾರ ತವರು ಎಲ್ಲಿ ಎನ್ನುವುದು ಅವರಿಗೆ ಬಾಯಲ್ಲೇ ಇರುತ್ತದೆ. ಮನೆದೇವರು ಯಾವುದು, ಮಕ್ಕಳ ಮುಡಿ ಕೊಡುವುದು ಎಲ್ಲಿ ಎಂದು ಬಿಡದೆ ಕೇಳಿ. ಮನೆ ಬಿಟ್ಟು ನೂರಾರು ವರ್ಷ ಆದರೂ ಮನೆದೇವರನ್ನು ಬಿಟ್ಟವರು ಕಡಿಮೆ. ಈಗ ಸಕಲೇಶಪುರದಲ್ಲಿರುವ ಮನೆತನದ ದೇವರು ಕಡೂರು ಸೀಮೆಯಲ್ಲಿದ್ದರೆ ಮೊದಲು ಹುಡುಕಬೇಕಾದ ಊರು ಅದರ ಆಸುಪಾಸಿನಲ್ಲೇ. ಹೆಸರಿನ ಇನಿಷಿಯಲ್ಲೂ ಸುಳಿವೇ: ಹಳೇ ಮೈಸೂರು ಸೀಮೆಯಲ್ಲಿ ಮೊದಲನೆಯದು ಸಾಮಾನ್ಯವಾಗಿ ಊರು, ಎರಡನೆಯದು ಅಪ್ಪನ ಹೆಸರು. ಹಳೆಯ ಲಗ್ನಪತ್ರಿಕೆ, ಜಾತಕ, ಪಂಚಾಂಗದ ಅಂಚಿನಲ್ಲಿ ಗೀಚಿದ ತಿಥಿ ಎಲ್ಲವನ್ನೂ ಫೋಟೊ ತೆಗೆದಿಡಿ. ಒಬ್ಬೊಬ್ಬರಿಗೆ ಒಂದೊಂದು ಹಾಳೆ ಇರಲಿ. ವಿಶ್ವಕರ್ಮರ ಐದು ಗೋತ್ರಗಳಲ್ಲಿ ಸಾನಗ ಕಬ್ಬಿಣದ ಕೆಲಸಕ್ಕೆ, ಸನಾತನ ಮರಗೆಲಸಕ್ಕೆ, ಸುಪರ್ಣ ಚಿನ್ನಬೆಳ್ಳಿ ಕೆಲಸಕ್ಕೆ ಎಂಬುದು ರೂಢಿಯ ಮಾತು. ಬರೆದುಕೊಳ್ಳಿ, ಆದರೆ ಅದನ್ನೇ ಸಾಕ್ಷಿ ಮಾಡಿಕೊಳ್ಳಬೇಡಿ. ಕಸುಬು ಬದಲಿಸಿದ ಮನೆಗಳು ಬೇಕಾದಷ್ಟಿವೆ.

ಮುಂದಿನ ಕೆಲಸ ಪಹಣಿಯದು. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ನೇ ಕಾಲಂನಲ್ಲಿ ಆ ಜಮೀನು ಅವರಿಗೆ ಹೇಗೆ ಬಂತು ಎನ್ನುವುದೂ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ವಹಿ) ನಂಬರೂ ಇರುತ್ತವೆ. ಈ ನಂಬರೇ ನಿಮ್ಮ ಏಣಿಯ ಮೆಟ್ಟಿಲು. ಅದನ್ನು ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮ್ಯುಟೇಷನ್ ರಿಜಿಸ್ಟರಿನ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಪೌತಿ ಖಾತೆಯಾಗಿದ್ದರೆ ತೀರಿಕೊಂಡವರ ಹೆಸರು, ವಾರಸುದಾರರು ಒಂದೇ ಕಡೆ ಸಿಗುತ್ತಾರೆ. ಅಲ್ಲಿಂದ ಕಂಪ್ಯೂಟರ್ ಬರುವ ಮುಂಚಿನ ಕೈಬರಹದ ಪಹಣಿಗೆ, ಅಲ್ಲಿಂದ ಸರ್ವೆ ನಂಬರುವಾರು ಹಳೆಯ ಜಮೀನು ವಹಿಯಾದ ಇಂಡೆಕ್ಸ್ ಆಫ್ ಲ್ಯಾಂಡ್ಸ್‌ಗೆ ಹಿಂದೆ ಹಿಂದೆ ಹೋಗಿ. ಸರ್ವೆ ನಂಬರ್ 42 ಪೋಡಿಯಾಗಿ (ಅಳತೆ ಮಾಡಿ ತುಂಡಾಗಿ) 42/1, 42/2, 42/3 ಆಗಿದ್ದರೆ ಮೂವರು ಅಣ್ಣತಮ್ಮಂದಿರು ಪಾಲಾಗಿರಬಹುದು. ಆದರೆ ನಡುವೆ ಒಂದು ತುಂಡು ಹೊರಗಿನವರಿಗೆ ಕ್ರಯವಾಗಿದ್ದರೆ ಆ ಲೆಕ್ಕ ತಪ್ಪುತ್ತದೆ. ಪ್ರತಿ ತುಂಡಿನ ಎಂ.ಆರ್. ಬೇರೆ ಬೇರೆಯಾಗಿಯೇ ನೋಡಿ.

ಕಮ್ಮಾರನ ಮಾನ್ಯ, ಬಡಗಿ ಇನಾಂ ಎಂಬ ಬರಹ ಸಿಕ್ಕರೆ ಅಲ್ಲಿ ನಿಧಾನಿಸಿ. ಜಮೀನಿನ ಜೊತೆ ಕಸುಬಿನ ಹೆಸರನ್ನೂ ಹಿಡಿದಿಟ್ಟಿರುವ ದಾಖಲೆ ಅದು. 1954 ಮತ್ತು 1955ರ ಇನಾಂ ರದ್ದತಿ ಕಾಯ್ದೆಗಳು, 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಬಂದ ಮೇಲೆ ಇಂಥ ಜಮೀನುಗಳ ಸ್ಥಿತಿ ಬದಲಾಯಿತು. ಆಗ ಅರ್ಜಿ, ಹೇಳಿಕೆ, ಆದೇಶ ಎಂದು ತಯಾರಾದ ಕಾಗದಗಳಲ್ಲಿ ‘ನಮ್ಮ ತಾತನ ಕಾಲದಿಂದ ಕೆಲಸ ಮಾಡಿಕೊಂಡು ಬಂದಿದ್ದೇವೆ’ ಎಂಬ ಸಾಲಿನ ಹಿಂದೆಯೇ ಮೂರು ತಲೆಮಾರು ಸಿಗುವುದುಂಟು. ಹಳೆಯ ಕಾಗದದಲ್ಲಿ ಚಿಕ್ಕಮಗಳೂರು ಜಿಲ್ಲೆ ‘ಕಡೂರು ಜಿಲ್ಲೆ’ ಎಂದೂ, ಸಕಲೇಶಪುರ ತಾಲ್ಲೂಕು ‘ಮಂಜರಾಬಾದ್’ ಎಂದೂ ಇರುತ್ತದೆ. ಈಗಿನ ಹೆಸರಿನಲ್ಲಿ ಕೇಳಿ ‘ಇಲ್ಲ’ ಎನಿಸಿಕೊಂಡು ವಾಪಸಾಗುವುದು ಇದರಿಂದಲೇ.

ಪೇಟೆಯ ಅಕ್ಕಸಾಲಿ, ಗಾಣಿಗ, ಅಂಗಡಿಯವರಿಗೆ ಮಾನ್ಯ ಇರಲಿಲ್ಲ. ಅವರಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರ, ವಿಭಾಗಪತ್ರಗಳೇ ಗತಿ. ಆನ್‌ಲೈನ್‌ನಲ್ಲಿ ಋಣಭಾರ ಪತ್ರ (ಇ.ಸಿ., ಆಸ್ತಿಯ ಮೇಲೆ ನೋಂದಾದ ವ್ಯವಹಾರಗಳ ಪಟ್ಟಿ) ಸಿಗುವುದು 2004ರಿಂದ ಈಚೆಗೆ. ಹಿಂದಿನದಕ್ಕೆ ಕಚೇರಿಗೇ ಹೋಗಬೇಕು. ಪತ್ರದ ಚೆಕ್ಕುಬಂದಿ ಬಿಡದೆ ಓದಿ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾರ ಹಿತ್ತಲು ಎನ್ನುವಲ್ಲಿ ದಾಯಾದಿಗಳ ಹೆಸರು ಕೂತಿರುತ್ತದೆ. ಶಾಲೆಯ ದಾಖಲಾತಿ ವಹಿ ಅಪ್ಪನ ಹೆಸರಿಗೆ ಒಳ್ಳೆಯದು, ಹುಟ್ಟಿದ ದಿನಕ್ಕಲ್ಲ. ಜೂನ್ 1 ಎಂದಿದ್ದರೆ ಅದು ಬಹುಪಾಲು ಮೇಷ್ಟರು ಹಾಕಿದ ತಾರೀಖು.

ಅತಿ ಹೆಚ್ಚು ವಂಶವೃಕ್ಷ ಹಾಳಾಗುವುದು ಎರಡು ಕಾರಣಕ್ಕೆ. ಒಂದು, ತಾತನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿನಲ್ಲಿ ಅದೇ ನಂಜಾಚಾರಿ ಬರುತ್ತಾನೆ, ಇಬ್ಬರನ್ನು ಒಬ್ಬನೇ ಎಂದುಕೊಂಡರೆ 50 ವರ್ಷ ನುಂಗಿಹೋಗುತ್ತದೆ. ಹೆಸರು, ಅಪ್ಪನ ಹೆಸರು, ಜಾಗ ಮೂರೂ ಕೂಡಿದರೆ ಮಾತ್ರ ಗೆರೆ ಎಳೆಯಿರಿ. ಎರಡೇ ಕೂಡಿದರೆ ಪೆನ್ಸಿಲ್ಲಿನಲ್ಲಿ ಚುಕ್ಕೆಗೆರೆ. ಎರಡು, ಸಂವತ್ಸರ. ‘ಶಾರ್ವರಿ’ 60 ವರ್ಷಕ್ಕೊಮ್ಮೆ ಬರುತ್ತದೆ: 1840, 1900, 1960, 2020. ಶಕವರ್ಷವೂ ಜೊತೆಗಿದ್ದರೆ 78 ಕೂಡಿಸಿ. ಶಕ 1762 ಅಂದರೆ 1840. ಮಾಘ, ಫಾಲ್ಗುಣ ಮಾಸವಾಗಿದ್ದರೆ 79 ಕೂಡಿಸಬೇಕು, ಅಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಸಂವತ್ಸರ ಮಾತ್ರ ಇದ್ದರೆ, ಲೆಕ್ಕ ಹಳೆಯ ವರಹ-ಹಣದಲ್ಲಿದೆಯೋ ಆಮೇಲಿನ ರೂಪಾಯಿ-ಆಣೆಯಲ್ಲಿದೆಯೋ ನೋಡಿ. ಯಾವ 60ರ ಸುತ್ತು ಎಂದು ಅಂದಾಜಿಸಲು ಅದು ನೆರವಾಗುತ್ತದೆ.

ಅಟ್ಟದ ಮೇಲೆ ಕಡತ ಸಿಕ್ಕರೆ ಪುಣ್ಯ. ಈಗ ಕಡತ ಅಂದರೆ ಕಚೇರಿಯ ಫೈಲು. ಆಗ ಅದು ಹುಣಸೆಬೀಜದ ಅಂಟು, ಇದ್ದಿಲು ಪುಡಿ ಬಳಿದು ಕಪ್ಪು ಮಾಡಿದ, ಮಡಿಕೆ ಮಡಿಕೆಯಾಗಿ ಮಡಚುವ ಬಟ್ಟೆ ಪುಸ್ತಕ. ಬಳಪದಲ್ಲಿ ಬರೆಯುತ್ತಿದ್ದರು. ಅಕ್ಷರ ಮೇಲ್ಮೈಯಲ್ಲೇ ಕೂತಿರುವುದರಿಂದ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಲೆಕ್ಕ ಪೂರ್ತಿ ಹೋಯಿತು. ಅಂಟಿಕೊಂಡ ಮಡಿಕೆಯನ್ನು ಕೀಳಬೇಡಿ, ಹುಳು ತಿಂದ ಕಡೆ ಹಾಗೇ ಹರಿಯುತ್ತದೆ. ಕಿಟಕಿಯ ಪಕ್ಕ ಮೇಜಿನ ಮೇಲೆ ಹರಡಿ, ಬೆಳಕು ಓರೆಯಾಗಿ ಬೀಳಲಿ, ಮೊಬೈಲನ್ನು ನೇರ ಮೇಲೆ ಹಿಡಿದು ಎರಡೂ ಮೈ ತೆಗೆಯಿರಿ. ಅಳಿಸಿ ಮತ್ತೆ ಬರೆದ ಕಡೆ ಹಳೆಯ ಅಕ್ಷರದ ನೆರಳು ಓರೆ ಬೆಳಕಿಗೇ ಕಾಣುವುದು. ಮೋಡಿ (ಅಕ್ಷರ ಕೂಡಿಸಿ ವೇಗವಾಗಿ ಬರೆಯುವ ಹಳೆಯ ಲಿಪಿ) ಬರಹವಾಗಿದ್ದರೆ ಊಹಿಸಿ ಓದಬೇಡಿ, ಬಲ್ಲವರಿಗೆ ತೋರಿಸಿ. ಅರಸೀಕೆರೆ, ಕಡೂರು ಕಡೆಯ ಬಯಲುಸೀಮೆ ಮನೆತನವಾದರೆ ಹೆಳವರು ಯಾರಾದರೂ ಬರುತ್ತಿದ್ದರೇ ಎಂದೂ ವಿಚಾರಿಸಿ. ಒಕ್ಕಲು ಮನೆತನಗಳ ವಂಶಾವಳಿ ಹೇಳುವುದೇ ಅವರ ಕುಲಕಸುಬು. ಹೆಣ್ಣುಮಕ್ಕಳ ಹೆಸರು ಅದರಲ್ಲಿ ಕಡಿಮೆ. ಅಲ್ಲಿ ಅಜ್ಜಿಯ ನೆನಪೇ ಆಸರೆ.

ಶಾಸನಕ್ಕೆ ಕೊನೆಗೆ ಬನ್ನಿ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟ ಹಾಸನದ್ದು, 6ನೆಯದು ಕಡೂರಿನದು. ಬೇಲೂರಿನ ಮದನಿಕೆಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ಹೆಸರಿದೆ ಎಂದು ಅಲ್ಲಿಗೇ ಹಾರಬೇಡಿ. ಆ ದೇವಾಲಯದ ಕಾಲ 1117; ನಿಮ್ಮ ಮನೆಯ 1860ರ ಕಾಗದಕ್ಕೂ ಅದಕ್ಕೂ ನಡುವೆ 25ಕ್ಕೂ ಹೆಚ್ಚು ತಲೆಮಾರು ಖಾಲಿ ಇವೆ. ಅದರ ಬದಲು ನಿಮ್ಮ ಊರಿನ ಹೆಸರಿನಡಿ 16ರಿಂದ 18ನೇ ಶತಮಾನದ ಮಾನ್ಯದ ಶಾಸನ ಇದೆಯೇ ನೋಡಿ. ಇದ್ದರೆ ತಾಲ್ಲೂಕಿನ ಹೆಸರು, ಶಾಸನದ ನಂಬರು, ಯಾವ ಮುದ್ರಣ ಎಂಬ ಮೂರನ್ನೂ ಹಾಳೆಯಲ್ಲಿ ಬರೆದುಕೊಳ್ಳಿ. ಪರಿಷ್ಕೃತ ಮುದ್ರಣದಲ್ಲಿ ನಂಬರು ಬದಲಾಗಿದೆ. ಬರೆದಿಡದಿದ್ದರೆ ಅದೇ ಕಲ್ಲನ್ನು ಎರಡು ಸಲ ಹುಡುಕಬೇಕಾಗುತ್ತದೆ.