ಪತ್ರಿಕೆಗೆ ಬರಹ ಕಳಿಸ್ತೀರಾ? ಮೊದಲು ಇಷ್ಟು ನೋಡಿಕೊಳ್ಳಿ

ಕಥೆ ಬರೆದಾಯಿತು. ಮನೆಯವರು ಓದಿ 'ಚೆನ್ನಾಗಿದೆ, ಯಾವುದಾದರೂ ಪತ್ರಿಕೆಗೆ ಕಳಿಸು' ಎಂದರು. ಬಹಳ ಜನ ಎಡವುವುದು ಇಲ್ಲೇ. ಸಿಕ್ಕ ಇಮೇಲ್ ವಿಳಾಸಕ್ಕೆಲ್ಲ ಒಟ್ಟಿಗೆ ಕಳಿಸಿ, ಪ್ರತಿ ವಾರ ಅಂಗಡಿಗೆ ಹೋಗಿ ಪುಟ ತಿರುವುತ್ತಾರೆ. ಸಂಪಾದಕರು ಹುಡುಕುವುದು ತಮ್ಮ ಪತ್ರಿಕೆಯ ಯಾವುದೋ ಒಂದು ಪುಟಕ್ಕೆ ಸರಿಯಾಗಿ ಕೂರುವ ಬರಹವನ್ನು. ಆ ಪುಟ ಯಾವುದು ಅಂತ ನಿಮಗೇ ಗೊತ್ತಿಲ್ಲದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಮೊದಲು ಪುಟ ಹುಡುಕಿ

ಊರಿನ ಲೈಬ್ರರಿಗೆ ಹೋಗಿ, ನೀವು ಕಳಿಸಬೇಕೆಂದಿರುವ ಪತ್ರಿಕೆಯ ನಾಲ್ಕಾರು ಹಳೇ ಸಂಚಿಕೆ ಮುಂದಿಟ್ಟುಕೊಳ್ಳಿ. ಪ್ರತಿ ಸಂಚಿಕೆಯಲ್ಲೂ ಒಂದೇ ಹೆಸರು ಕಾಣಿಸುವ ಜಾಗ ಅಂಕಣಕಾರರದ್ದು, ಅದನ್ನು ಬಿಡಿ. ಹೆಸರು ಬದಲಾಗುತ್ತಾ ಹೋಗುವ ಪುಟಗಳೇ ನಿಮ್ಮವು. ಅಲ್ಲಿ ಒಂದು ಸಾಲಿನಲ್ಲಿ ಎಷ್ಟು ಪದ, ಒಟ್ಟು ಎಷ್ಟು ಸಾಲು ಅಂತ ಎಣಿಸಿ ಗುಣಿಸಿದರೆ ಪದಮಿತಿ ಸಿಕ್ಕಿತು. 700 ಪದದ ಜಾಗಕ್ಕೆ 2,000 ಪದ ಕಳಿಸಿ 'ಬೇಕಾದರೆ ಕತ್ತರಿಸಿಕೊಳ್ಳಿ' ಎನ್ನಬೇಡಿ. ಅಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ.

ಸುಧಾ, ತರಂಗ, ಕರ್ಮವೀರದಂಥ ವಾರಪತ್ರಿಕೆಗಳನ್ನು ಮನೆಮಂದಿಯೆಲ್ಲ ಓದುತ್ತಾರೆ, ಹಾಗಾಗಿ ಅಲ್ಲಿ ಕಥೆಯ ಜೊತೆಗೆ ನಗೆಬರಹ, ಪ್ರವಾಸ, ಆರೋಗ್ಯ ಎಲ್ಲಕ್ಕೂ ಜಾಗ. ಮಯೂರ, ತುಷಾರ ಮಾಸಪತ್ರಿಕೆಗಳ ಒಲವು ಸಾಹಿತ್ಯದ ಕಡೆ. ಕಸ್ತೂರಿ ಡೈಜೆಸ್ಟ್ ಅಚ್ಚಿನದು, ಅಂದರೆ ಹಲವು ವಿಷಯಗಳ ಬರಹಗಳ ಸಂಗ್ರಹದ ಹಾಗೆ. ದಿನಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ವಾರಕ್ಕೆ ಸಿಗುವುದು ಒಂದು ಕಥೆಗೋ ಒಂದೆರಡು ಕವಿತೆಗೋ ಆಗುವಷ್ಟು ಜಾಗ. ಸರತಿ ಉದ್ದ ಇರುವುದು ಸಹಜ ಅಲ್ವಾ?

ನನ್ನ ಕೇಳಿದರೆ, ಹೊಸಬರು ಕಥೆ-ಕವಿತೆಯಿಂದಲೇ ಶುರು ಮಾಡಬೇಕಿಲ್ಲ. ನೂಕುನುಗ್ಗಲು ಇರುವುದೇ ಅಲ್ಲಿ. ನಿಮ್ಮೂರ ಸಂತೆ, ಮುಚ್ಚುತ್ತಿರುವ ಹಂಚಿನ ಕಾರ್ಖಾನೆ, ಕೌದಿ ಹೊಲಿಯುವ ಅಜ್ಜಿ, ಇಂಥದ್ದರ ಮೇಲೆ ಒಂದು ನುಡಿಚಿತ್ರ ಬರೆದು, ನೀವೇ ತೆಗೆದ ಎರಡು ಮೂರು ಒಳ್ಳೆ ಫೋಟೊ ಜೊತೆಗಿಟ್ಟು ಕಳಿಸಿ. ಬೆಂಗಳೂರಿನಲ್ಲಿ ಕೂತ ಉಪಸಂಪಾದಕರಿಗೆ ಆ ಊರು ಎಟುಕುವುದಿಲ್ಲ, ನಿಮಗೆ ಎಟುಕುತ್ತದೆ. ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಫಾರ್ವರ್ಡ್ ಮಾಡಬೇಡಿ. ಅದರ ಗಾತ್ರ ಕುಗ್ಗಿ, ಅಚ್ಚಿನಲ್ಲಿ ಮಸುಕಾಗುತ್ತದೆ. ಮೂಲ ಫೈಲನ್ನೇ ಇಮೇಲ್ ಮಾಡಿ.

ಕ್ಯಾಲೆಂಡರ್ ನೋಡಿ

ಯುಗಾದಿ ಬಗ್ಗೆ ಯುಗಾದಿ ವಾರದಲ್ಲಿ ಕಳಿಸಿದರೆ ಕೆಲಸಕ್ಕೆ ಬಾರದು. ಸಂಚಿಕೆ ಅಷ್ಟೊತ್ತಿಗೆ ಮುದ್ರಣಕ್ಕೆ ಹೋಗಿರುತ್ತದೆ. ವಾರಪತ್ರಿಕೆಗಾದರೆ ತಿಂಗಳು ಮುಂಚೆ, ಮಾಸಪತ್ರಿಕೆಗೆ ಎರಡು ತಿಂಗಳು ಮುಂಚೆ ಕಳಿಸುವುದು ಕ್ಷೇಮ. ಪ್ರಜಾವಾಣಿ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯಂಥವುಗಳ ಪ್ರಕಟಣೆಯೂ ಹಬ್ಬಕ್ಕೆ ಬಹಳ ಮೊದಲೇ ಬರುತ್ತದೆ. ಪದಮಿತಿ, ಕೊನೆಯ ದಿನಾಂಕ, ಹಾಳೆಯ ಮೇಲೆ ಹೆಸರು ಹಾಕಬೇಕೋ ಬೇಡವೋ, ಎಲ್ಲ ಅದರಲ್ಲೇ ಇರುತ್ತದೆ. ಪ್ರಕಟಣೆ ಕತ್ತರಿಸಿ ಇಟ್ಟುಕೊಳ್ಳಿ.

ಮೊದಲ ಪ್ಯಾರಾ ಒರೆಸಿ ನೋಡಿ

ಮಳೆಗಾಲದ ಬಗ್ಗೆ ಒಂದು ಲಲಿತ ಪ್ರಬಂಧ ಹೀಗೆ ಶುರುವಾಗುತ್ತದೆ ಅಂದುಕೊಳ್ಳಿ: 'ಮಾನವನ ಜೀವನದಲ್ಲಿ ಮಳೆಗೆ ಮಹತ್ವದ ಸ್ಥಾನವಿದೆ. ಮಳೆ ಇಲ್ಲದಿದ್ದರೆ ಬೆಳೆ ಇಲ್ಲ.' ಎರಡನೇ ಪ್ಯಾರಾದಲ್ಲಿ ಹೀಗಿದೆ: 'ನಮ್ಮನೆ ಹಂಚು ಎಲ್ಲೆಲ್ಲಿ ಸೋರುತ್ತದೆ ಅನ್ನುವುದು ಎಲ್ಲರಿಗೂ ಬಾಯಿಪಾಠ. ಜೂನ್ ಬಂತೆಂದರೆ ಅಮ್ಮ ಅಡುಗೆಮನೆಗೆ ಕೊಳದಪ್ಪಲೆ, ನಡುಮನೆಗೆ ಹಿತ್ತಾಳೆ ಬೋಗುಣಿ ಎಂದು ಡ್ಯೂಟಿ ಹಾಕುತ್ತಾಳೆ.' ಪ್ರಬಂಧ ನಿಜವಾಗಿ ಶುರುವಾಗಿದ್ದು ಇಲ್ಲಿ. ಮೇಲಿನದ್ದು ಶಾಲೆಯ ನಿಬಂಧದ ಚಾಳಿ. ಅದನ್ನು ತೆಗೆದರೆ ಏನೂ ನಷ್ಟವಿಲ್ಲ. ರಾಶಿ ಬರಹ ಓದುವವರು ಮೊದಲ ಆರೇಳು ಸಾಲಿನಲ್ಲೇ ಮುಂದೆ ಓದಬೇಕೋ ಬೇಡವೋ ಅಂತ ತೀರ್ಮಾನಿಸಿರುತ್ತಾರೆ.

ಟೈಪಿಂಗ್ ಎಂಬ ತಲೆನೋವು

ಕೆಲವು ಕಡೆ ಈಗಲೂ ಕೈಬರಹ ತೆಗೆದುಕೊಳ್ಳುತ್ತಾರೆ, ಆದರೆ ಟೈಪ್ ಮಾಡಿದ್ದಕ್ಕೆ ಬೇಗ ದಾರಿ ಸಿಗುತ್ತದೆ. ಯೂನಿಕೋಡ್‌ನಲ್ಲೇ ಟೈಪಿಸಿ, ಫೋನು, ಕಂಪ್ಯೂಟರು ಎಲ್ಲ ಕಡೆಯೂ ಕನ್ನಡ ಕನ್ನಡವಾಗಿಯೇ ಕಾಣುವ ಅಕ್ಷರ ಪದ್ಧತಿ ಅದು. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟ್‌ನಲ್ಲಿ ಮಾಡಿದ ಫೈಲು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಪತ್ರಿಕೆಯೇ ನುಡಿ ಫೈಲ್ ಕೇಳಿದ್ದರೆ ಮಾತು ಬೇರೆ. ಪಿಡಿಎಫ್ ಮಾತ್ರ ಕಳಿಸಿದರೆ ಪುಟ ಕಟ್ಟುವವರು ಮತ್ತೆ ಟೈಪ್ ಮಾಡಬೇಕಾದೀತು. ವರ್ಡ್ ಫೈಲ್ ಇರಲಿ.

ಇನ್ನೊಂದು ತಪ್ಪು ಕಣ್ಣಿಗೇ ಬೀಳುವುದಿಲ್ಲ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತುವುದು. 'ಬಂತು' ಮತ್ತು 'ಬ೦ತು' ನೋಡಲು ಹೆಚ್ಚುಕಮ್ಮಿ ಒಂದೇ. ಆದರೆ ಎರಡನೆಯದರಲ್ಲಿ ಇರುವುದು ಅಂಕಿ. ಫಾಂಟ್ ಬದಲಿಸಿದಾಗ ಅದು ಪದದ ಮಧ್ಯೆ ದಪ್ಪಗೆ ಎದ್ದು ಕೂರುತ್ತದೆ. ಕಳಿಸುವ ಮುಂಚೆ ಫೈಲಿನಲ್ಲಿ ೦ ಎಂದು ಹುಡುಕಿ, ಒಂದೊಂದಾಗಿ ಸರಿಮಾಡಿ. ಅ-ಹ, ಲ-ಳ ಅದಲು ಬದಲಾಗಿದೆಯಾ ಎಂದು ಗಟ್ಟಿಯಾಗಿ ಓದಿ ನೋಡಿಕೊಳ್ಳಿ.

ಜೊತೆಗೊಂದು ಪತ್ರ

ಸಬ್ಜೆಕ್ಟ್ ಜಾಗ ಖಾಲಿ ಬಿಡಬೇಡಿ. 'ಲಲಿತ ಪ್ರಬಂಧ: ಹಂಚಿನ ಮನೆಯ ಜೂನ್' ಎಂದು ಬರೆಯಿರಿ. ಒಳಗೆ ನಾಲ್ಕು ಸಾಲು ಸಾಕು: 'ಮಾನ್ಯ ಸಂಪಾದಕರೇ, ನಮಸ್ಕಾರ. ಸುಮಾರು 700 ಪದಗಳ ಲಲಿತ ಪ್ರಬಂಧ ಲಗತ್ತಿಸಿದ್ದೇನೆ. ಇದು ನನ್ನ ಸ್ವಂತ ಬರಹ, ಅನುವಾದವಲ್ಲ, ಎಲ್ಲೂ ಪ್ರಕಟವಾಗಿಲ್ಲ. ಸೂಕ್ತವೆನಿಸಿದರೆ ಪ್ರಕಟಿಸಬೇಕಾಗಿ ವಿನಂತಿ.' ಕೆಳಗೆ ಹೆಸರು, ಪಿನ್‌ಕೋಡ್ ಸಮೇತ ವಿಳಾಸ, ಫೋನ್ ನಂಬರ್. ಗೆಳೆಯರೆಲ್ಲ ಹೊಗಳಿದರು, ಚಿಕ್ಕಂದಿನಿಂದ ಬರೆಯುವ ಹುಚ್ಚು ಅನ್ನುವುದೆಲ್ಲ ಬೇಡ. ಫೇಸ್‌ಬುಕ್‌ಗೋ ಪ್ರತಿಲಿಪಿಯಂಥ ಕಥೆಗಳ ಆ್ಯಪ್‌ಗೋ ಹಾಕಿದ್ದನ್ನು ಬಹಳಷ್ಟು ಪತ್ರಿಕೆಗಳು ಪ್ರಕಟಿತ ಎಂದೇ ಲೆಕ್ಕ ಹಿಡಿಯುತ್ತವೆ.

ಅನುವಾದ ಕಳಿಸುವುದಾದರೆ ಮೂಲ ಲೇಖಕರ ಒಪ್ಪಿಗೆ ಪತ್ರ ಬೇಕು. ಭಾರತದಲ್ಲಿ ಲೇಖಕ ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಅಲ್ಲಿಯವರೆಗೆ ಅವರ ವಾರಸುದಾರರನ್ನೋ ಹಕ್ಕು ಪಡೆದ ಪ್ರಕಾಶಕರನ್ನೋ ಕೇಳಬೇಕು.

ಕಾಯುವುದು

ವಾರಕ್ಕೊಂದು ಫೋನ್ ಮಾಡಬೇಡಿ. ಎಷ್ಟು ದಿನ ಕಾಯಬೇಕೆಂದು ಪತ್ರಿಕೆ ಹೇಳಿದ್ದರೆ ಅದೇ ಲೆಕ್ಕ. ಹೇಳದಿದ್ದರೆ ಮೂರು ತಿಂಗಳು ಬಿಟ್ಟು ಒಂದು ಮೇಲ್ ಹಾಕಿ. ಆಗಲೂ ಉತ್ತರ ಬರದಿದ್ದರೆ 'ಈ ಬರಹವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ' ಎಂದು ಬರೆದು, ಬೇರೆ ಕಡೆ ಕಳಿಸಿ. ಒಂದೇ ಕಥೆ ಒಂದೇ ಸಲ ಎರಡು ಪತ್ರಿಕೆಯಲ್ಲಿ ಬಂದುಬಿಟ್ಟರೆ ಎರಡೂ ಕಡೆ ಬಾಗಿಲು ಮುಚ್ಚಿದ ಹಾಗೆ. ಯಾವುದನ್ನು ಎಲ್ಲಿಗೆ, ಯಾವತ್ತು ಕಳಿಸಿದಿರಿ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಡಿ.

ದುಡ್ಡು, ಹಕ್ಕು

ಗೌರವಧನ ಕೆಲವರು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ವಾಚಕರ ಪತ್ರಕ್ಕೆಲ್ಲ ಸಾಮಾನ್ಯವಾಗಿ ಇರುವುದಿಲ್ಲ. ಪ್ರಕಟವಾದ ಮೇಲೆ ಸಂಕೋಚವಿಲ್ಲದೆ ಕೇಳಿ, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ಪ್ಯಾನ್ ವಿವರ ರೆಡಿ ಇಟ್ಟುಕೊಂಡಿರಿ. ಹಾಗೆಯೇ ಪ್ರಕಟಣೆಗೆ ನಿಮ್ಮಿಂದಲೇ ದುಡ್ಡು ಕೇಳುವವರು, 'ಪ್ರಶಸ್ತಿ ಪತ್ರ'ಕ್ಕೆ ಶುಲ್ಕ ಕಟ್ಟಿ ಎನ್ನುವವರು ಸಿಗುತ್ತಾರೆ. ಅಂಥವರ ಸಹವಾಸ ಬೇಡ.

1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ನೀವು ಪತ್ರಿಕೆಯ ನೌಕರರಲ್ಲದಿದ್ದರೆ ಬರಹದ ಹಕ್ಕು ನಿಮ್ಮದೇ. ಅದನ್ನು ಬಿಟ್ಟುಕೊಡಲು ನೀವು ಸಹಿ ಮಾಡಿದ ಬರವಣಿಗೆ ಬೇಕು. ಆ ಕರಾರಿನಲ್ಲಿ ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು 5 ವರ್ಷ ಎಂದು ಪರಿಗಣಿಸುತ್ತದೆ. ಹಾಗಾಗಿ ಯಾವುದೇ ಫಾರಂ ಬಂದರೂ ಓದಿ ಸಹಿ ಹಾಕಿ. ಅಚ್ಚಾದ ಪುಟವನ್ನು ಸಂಚಿಕೆಯ ದಿನಾಂಕ ಕಾಣುವ ಹಾಗೆ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಮುಂದೆ ಸಂಕಲನ ತರುವಾಗ ಯಾವುದು ಎಲ್ಲಿ, ಯಾವಾಗ ಬಂದಿತ್ತು ಎಂದು ಕೃತಜ್ಞತೆಯ ಪುಟದಲ್ಲಿ ಹಾಕಬೇಕಾಗುತ್ತದೆ.