ಜೇಬಿನಲ್ಲೇ ಇದ್ದ ಕಳ್ಳ

ಟೆಕ್ಸಾಸ್‌ನಲ್ಲಿ ನಾನು ಬಾಡಿಗೆಗೆ ಪಡೆಯುವ ಸೆಸ್ನಾ 172 ಎಂಬ ಪುಟ್ಟ ವಿಮಾನದ ಟ್ರಾನ್ಸ್‌ಪಾಂಡರ್ (ವಿಮಾನದ ಗುರುತನ್ನು ರೇಡಿಯೊ ಮೂಲಕ ತಿಳಿಸುವ ಸಾಧನ), ಸುತ್ತಲಿನ ವಿಮಾನಗಳ ಮತ್ತು ಹವಾಮಾನದ ಮಾಹಿತಿಯನ್ನು ಬ್ಲೂಟೂತ್ ಮೂಲಕ ಟ್ಯಾಬ್ಲೆಟ್‌ನ ಆ್ಯಪ್‌ಗೆ ಕಳುಹಿಸಬೇಕು. ಮೂರು ವಾರ ಕಳುಹಿಸಲೇ ಇಲ್ಲ. ಆ್ಯಪ್ ಅಳಿಸಿ ಮತ್ತೆ ಹಾಕಿದೆ, ಟ್ಯಾಬ್ಲೆಟ್‌ಗೆ ಬೈದೆ. ಕೊನೆಗೆ ಕೈಪಿಡಿ ತೆರೆದೆ: ಈ ಮಾದರಿಗೆ ಒಮ್ಮೆಗೆ ಎರಡೇ ಸಾಧನಗಳ ಸಂಪರ್ಕ. ಒಂದು ಜಾಗವನ್ನು ಜೇಬಿನಲ್ಲಿದ್ದ ನನ್ನದೇ ಫೋನ್, ಇನ್ನೊಂದನ್ನು ಹಿಂದಿನ ಸೀಟಿನ ಗೆಳೆಯನ ಟ್ಯಾಬ್ಲೆಟ್ ಹಿಡಿದು ಕುಳಿತಿದ್ದವು!

ಎರಡರಲ್ಲೂ ಬ್ಲೂಟೂತ್ ಆಫ್ ಮಾಡಿ, ಪ್ಯಾನೆಲ್‌ನ ಪಟ್ಟಿಯಿಂದ ಹಳೆಯ ಹೆಸರುಗಳನ್ನು ತೆಗೆದು, ಜೋಡಣೆಯ ಪುಟವನ್ನು ತೆರೆದಿಟ್ಟುಕೊಂಡೇ ನನ್ನ ಟ್ಯಾಬ್ಲೆಟ್ ಜೋಡಿಸಿದೆ. ಕೂಡಲೇ ವಿಮಾನಗಳು ಮೂಡಿದವು. ಹವಾಮಾನ ಮಾತ್ರ ಬರಲಿಲ್ಲ. ಅದು ದೋಷವಲ್ಲ, ಹವಾಮಾನ ಕಳುಹಿಸುವ ನೆಲದ ಕೇಂದ್ರಗಳ 978 ಮೆಗಾಹರ್ಟ್ಸ್ ಸಂಕೇತಕ್ಕೆ ನಡುವೆ ಅಡ್ಡಿಯಿಲ್ಲದ ನೇರ ದೃಷ್ಟಿರೇಖೆ ಬೇಕು, ನಾವಿನ್ನೂ ನೆಲದ ಮೇಲಿದ್ದೆವು. ಸಾವಿರ ಅಡಿ ಏರಿದಾಗ ಮಳೆಮೋಡಗಳ ಚಿತ್ರ ತಾನಾಗಿಯೇ ಬಂತು.